ಬರ್ತೀವಿ ಎಂದು ಹೋದವರು

ಸೈಕಲ್ ಸವಾರರ ಚಡ್ಡಿಯೊಳಗೆ ಒಂದು ಪುಟ್ಟ ಮೆತ್ತೆ ಹೊಲಿದಿರುತ್ತದೆಂಬ ಸಂಗತಿ, ಅದನ್ನು ಧರಿಸಿ ಅಂಗಡಿಯ ಕನ್ನಡಿಯೆದುರು ನಿಲ್ಲುವವರೆಗೂ ನನಗೆ ತಿಳಿದಿರಲಿಲ್ಲ. ಹಿಂದಿನಿಂದ ನೋಡಿದರೆ ಡಯಪರ್ ಕಟ್ಟಿಸಿಕೊಂಡ ಮಗು. ಮುಂದಿನಿಂದ ನೋಡಿದರೆ ಆ ಮಗುವನ್ನು ಹುಡುಕಿಕೊಂಡು ಬಂದ ಗಾಬರಿಯ ತಂದೆ. ಪದ್ಮಾಸನ, ವಜ್ರಾಸನ, ಮಯೂರಾಸನವೆಂದು ಬಗೆಬಗೆಯ ಆಸನಗಳನ್ನು ವರ್ಣಿಸಿದ ನಮ್ಮ ಋಷಿಗಳು ಸೈಕಲ್ಲಿನ ಆಸನದ ಬಗ್ಗೆ ಏಕೆ ಮೌನ ವಹಿಸಿದರೆಂಬುದು, ಅಂಗೈಯಗಲದ ಆ ಪೀಠದ ಮೇಲೆ ಅರ್ಧ ದಿನ ಕುಳಿತವನಿಗೆ ತಾನಾಗಿ ಹೊಳೆಯುತ್ತದೆ. ಅವರು ಬೋಧಿಸಿದ್ದು ಸಂಸಾರದ ಬಗ್ಗೆ ವೈರಾಗ್ಯವನ್ನೇ ಹೊರತು ಸೊಂಟದ ಕೆಳಗಿನ ಭಾಗದ ಬಗ್ಗೆ ಅಲ್ಲ.

ನಾನು ಹುಟ್ಟಾ ಸವಾರನಲ್ಲ. ನ್ಯೂಜೆರ್ಸಿಯ ಮೆಟುಚೆನ್‌ನಿಂದ ನ್ಯೂಯಾರ್ಕಿಗೆ ದಿನವೂ ರೈಲಿನಲ್ಲಿ ಕುಳಿತು, ಅಲ್ಲಿಯೂ ಕುಳಿತು, ಮತ್ತೆ ಕುಳಿತೇ ಮರಳುವ ನಾನು ಸ್ವಭಾವತಃ ಉಪವಿಷ್ಟ ಪ್ರಾಣಿ. ನನಗಿರುವ ಏಕೈಕ ವಿದ್ಯೆಯೆಂದರೆ ಅಣಕ. ರೈಲಿನ ಕಂಡಕ್ಟರು ಸ್ಟೇಷನ್ನಿನ ಹೆಸರನ್ನು ಅಗಿದು ಉಗುಳುವ ರೀತಿಯಿಂದ ಹಿಡಿದು, ವೇದಿಕೆಯ ಮೇಲೆ ‘ಎರಡೇ ಮಾತು’ ಆಡಿ ಊಟವನ್ನು ಆರಿಸುವ ಹಿರಿಯರವರೆಗೆ, ಸುತ್ತಲಿನ ಕನ್ನಡ ಕೂಟಗಳಲ್ಲಿ ನಾನು ಅನುಕರಿಸದ ಗಂಟಲಿಲ್ಲ. ಅನುಕರಿಸಿದ ಮೇಲೆ ಮುನಿಸಿಕೊಳ್ಳದ ಗಂಟಲೂ ವಿರಳ. ಆ ವಿರಳರಲ್ಲೊಬ್ಬರು ಮಾನ್ಮತ್ ಜಂಕ್ಷನ್ನಿನ ಮೂರ್ತಿ ಅಂಕಲ್. ಔಷಧದ ಕಂಪನಿಯೊಂದರಲ್ಲಿ ಮಾತ್ರೆಗಳ ಗುಣಪರೀಕ್ಷೆ ಮಾಡುವ ಈ ಮೈಸೂರಿನ ಗೃಹಸ್ಥರು, ಭಾನುವಾರಗಳಂದು ಕಾಲುವೆಯ ದಾರಿಯಲ್ಲಿ ಸೈಕಲ್ ತುಳಿಯುತ್ತ ಫೋನಿನಲ್ಲಿ ಫ್ರೆಂಚ್ ಕಲಿಯುತ್ತಿದ್ದರು. ಫ್ರಾನ್ಸಿನ ಹಳ್ಳಿಗಾಡನ್ನು ಸೈಕಲ್ಲಿನ ಮೇಲೆ ಸುತ್ತುವ ಅವರ ಸಂಕಲ್ಪಕ್ಕೆ ಜೊತೆಗಾರನಾಗಬೇಕಿದ್ದವನು ಕೊನೆಗಳಿಗೆಯಲ್ಲಿ ಮೊಣಕಾಲು ಕೆಡಿಸಿಕೊಂಡ. ಆಗ ಅಂಕಲ್ ನನಗೆ ಫೋನಾಯಿಸಿ, “ನನ್ನ ಥರಾನೇ ಮಾತಾಡ್ತೀಯಂತಲ್ಲಪ್ಪ, ನನ್ನ ಥರಾನೇ ಸೈಕಲ್ ತುಳಿ ನೋಡೋಣ” ಅಂದರು. ಇಂಥ ಸವಾಲಿಗೆ ಒಲ್ಲೆನೆನ್ನುವ ವಿವೇಕವಿದ್ದಿದ್ದರೆ ನಾನು ಅಣಕಿಗನೇಕೆ ಆಗುತ್ತಿದ್ದೆ?

ಮೂರನೆಯವರು ಅಂಕಲ್ಲಿನ ಧರ್ಮಪತ್ನಿ, ಧಾರವಾಡದ ಗಿರಿಜಾ ಆಂಟಿ. ಇವರದು ಬ್ಯಾಟರಿ ಸೈಕಲ್. ಗಿರಿಯೆಂದರೆ ಗಿರಿಜೆಗೆ ತವರುಮನೆಯಷ್ಟೆ. ಏರು ಬಂದೊಡನೆ ಗುಂಡಿಯೊತ್ತಿ ಮಾಯವಾಗುವರು. ಅಂಕಲ್ ಮಾತ್ರ ಪ್ರತಿ ಏರಿನ ನಡುವೆ ತಮ್ಮ ನಾಮಧೇಯವನ್ನು ಸಾರ್ಥಕಗೊಳಿಸಿ, ಮೂರ್ತಿಯಾಗಿ ನಿಂತುಬಿಡುವರು. ಅವರಿಗಿಂತ ಹಿಂದೆ ನಾನು. ನನ್ನ ಹಿಂದೆ, ಸದ್ಯ, ಯಾರೂ ಇರಲಿಲ್ಲ.

ನಾವು ಹೋದದ್ದು ದೋರ್ದೋಞ್ ಎಂಬ ನದಿಯ ಸೀಮೆಗೆ. ಓದುಗರು ಆ ಕೊನೆಯ ಅಕ್ಷರವನ್ನು ಒಂದು ಕ್ಷಣ ಗೌರವದಿಂದ ನೋಡಬೇಕು. ಒಂದನೆಯ ತರಗತಿಯಲ್ಲಿ ಬೆರಳು ನೋಯುವಂತೆ ತಿದ್ದಿಸಿ, ಆಮೇಲೆ ಜನ್ಮದಲ್ಲಿ ಉಪಯೋಗಕ್ಕೆ ಬಾರದ ಆ ‘ಞ’ವನ್ನು ನಮ್ಮ ಪೂರ್ವಿಕರು ಯಾವ ದೂರಾಲೋಚನೆಯಿಂದ ವರ್ಣಮಾಲೆಯಲ್ಲಿ ಕಾದಿಟ್ಟರೆಂಬುದು ನನಗೆ ಅರ್ಥವಾದದ್ದು ಆ ನದಿಯ ದಂಡೆಯ ಮೇಲೆ. ನದಿಯ ಇಕ್ಕೆಲಗಳಲ್ಲೂ ಕಡಿದಾದ ಬಂಡೆ, ಬಂಡೆಯ ನೆತ್ತಿಯ ಮೇಲೆ ಕೋಟೆ. ಈಚೆಯದರಲ್ಲಿ ಫ್ರೆಂಚರು, ಆಚೆಯದರಲ್ಲಿ ಇಂಗ್ಲಿಷರು ಕುಳಿತು, ನೂರು ವರ್ಷದ ಯುದ್ಧವೆಂಬ ದೀರ್ಘಸೂತ್ರದ ಜಗಳವನ್ನು ಒಬ್ಬರ ಅಡುಗೆಯ ಹೊಗೆ ಇನ್ನೊಬ್ಬರಿಗೆ ಕಾಣುವಷ್ಟು ಹತ್ತಿರದಿಂದ ನಡೆಸಿದರಂತೆ. ಒಂದೇ ಊರಿನಲ್ಲಿ ಎರಡು ಕನ್ನಡ ಸಂಘಗಳನ್ನು ಕಂಡ ನ್ಯೂಜೆರ್ಸಿಯವರಿಗೆ ಇದನ್ನು ವಿವರಿಸಲು ಗೈಡಿನ ಅಗತ್ಯವಿಲ್ಲ. ಅಂಕಲ್ ಮಾತ್ರ ಪ್ರತಿ ಕಲ್ಲಿನ ಮುಂದೆಯೂ ಸೈಕಲ್ ನಿಲ್ಲಿಸಿ ಫಲಕಗಳನ್ನು ಗಟ್ಟಿಯಾಗಿ, ಸಾವಧಾನವಾಗಿ, ಅಪ್ಪಟ ಮೈಸೂರು ಶೈಲಿಯ ಫ್ರೆಂಚಿನಲ್ಲಿ ಪಾರಾಯಣ ಮಾಡುತ್ತಿದ್ದರು. ಚಕ್ರವನ್ನು ಉರುಳಿಸುವವನೇ ಚಕ್ರವರ್ತಿಯೆಂದಾದರೆ, ಆ ಸೀಮೆಯ ಮೇಲೆ ಅಂಥ ನಿಧಾನದ ದಂಡಯಾತ್ರೆಯನ್ನು ಬೇರಾವ ಚಕ್ರವರ್ತಿಯೂ ಮಾಡಿರಲಾರ.

ಎರಡನೆಯ ರಾತ್ರಿ ನಾವು ತಂಗಿದ್ದು ಗುಡ್ಡದ ಮೇಲಿನ ಒಂದು ತೋಟದ ಮನೆಯಲ್ಲಿ. ಮನೆಯೊಡತಿ ಮದಾಮ್ ಸಿಮೋನ್, ಅಕ್ರೋಟಿನ ಮರಗಳನ್ನೂ ಬಾತುಕೋಳಿಗಳನ್ನೂ ಒಂದೇ ಗದರಿಕೆಯಲ್ಲಿ ಆಳುವ ಗಟ್ಟಿಗಿತ್ತಿ, ಪ್ರವಾಸಿಗರಿಗೆ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದಳು. ಬಾತುಕೋಳಿಯೇ ಕುಲದೇವತೆಯಾಗಿರುವ ಆ ಪ್ರಾಂತದಲ್ಲಿ ಮೂವರು ಸಸ್ಯಾಹಾರಿಗಳು ಮನೆಗೆ ಬಂದರೆಂಬ ಆಘಾತವನ್ನು ಆಕೆ ಆಲೂಗಡ್ಡೆ, ಚೀಸುಗಳ ನೆರವಿನಿಂದ ಧೈರ್ಯವಾಗಿ ಎದುರಿಸಿದಳು. ಬೆಳಿಗ್ಗೆ ಹೊರಡುವ ಹೊತ್ತು ಬಂತು. ಅನಾಹುತವಾದದ್ದು ಅಲ್ಲೇ, ಹೊಸ್ತಿಲಲ್ಲಿ.

ಹೊಸ್ತಿಲು ಎಂದರೆ ನಮ್ಮವರಿಗೆ ಎಂಥ ಗಂಡಾಂತರದ ಜಾಗವೆಂದು ನಿಮಗೆ ಗೊತ್ತೇ ಇದೆ. ಈಸ್ಟ್ ಬ್ರನ್ಸ್‌ವಿಕ್‌ನ ಯಾವ ಕನ್ನಡದ ಮನೆಯಿಂದಲೂ ನಾನು ಒಂದೇ ಸಲಕ್ಕೆ ಹೊರಬಿದ್ದದ್ದಿಲ್ಲ. ಶೂ ಹಾಕಿಕೊಂಡ ಮೇಲೆ ಒಂದು ಸುತ್ತು ಮಾತು, ಜಾಕೆಟ್ಟಿನ ಜಿಪ್ ಎಳೆದ ಮೇಲೆ ಇನ್ನೊಂದು, ಡ್ರೈವ್‌ವೇನಲ್ಲಿ ಕಾರು ಗುರುಗುಟ್ಟುತ್ತಿರುವಾಗ ಮುಖ್ಯ ವಿಷಯ. ಇಷ್ಟೆಲ್ಲ ಆದಮೇಲೂ ‘ಹೋಗ್ತೀನಿ’ ಅನ್ನುವಂತಿಲ್ಲ. ಒಮ್ಮೆ ಹಾಗೆಂದದ್ದಕ್ಕೆ ಗಿರಿಜಾ ಆಂಟಿ ನನ್ನನ್ನು ಅರ್ಧ ಇಳಿದ ಮೆಟ್ಟಿಲಿನಿಂದ ವಾಪಸು ಕರೆಸಿದ್ದರು: “ಹೋಗ್ತೀನಿ ಅನಬಾರದೋ ತಮ್ಮಾ, ಬರ್ತೀನಿ ಅನಬೇಕು. ಅಂದು ಹೋಗು.”

ಇಂಥ ಸಂಸ್ಕಾರವಂತ ದಂಪತಿ ಮದಾಮ್ ಸಿಮೋನಳ ಹೊಸ್ತಿಲಲ್ಲಿ ನಿಂತಿದ್ದಾರೆ. ‘ಓ ರವ್ವಾರ್’ ಎಂಬ ವಿದಾಯದ ಮಾತು ಅಂಕಲ್ಲಿಗೆ ಬಾರದ್ದೇನಲ್ಲ. ಆದರೆ ಅದು ಹೋಟೆಲಿನವರಿಗೆ ಹೇಳುವಂಥದ್ದು. ಕೈಯಾರೆ ಬಡಿಸಿದವಳಿಗೆ ಅಷ್ಟು ಸಾಲದೆಂದು ಅವರಿಗೆ ತೋರಿತು. ಗಂಟಲು ಸರಿಪಡಿಸಿಕೊಂಡು, ‘ಬರ್ತೀವಿ’ ಎಂಬುದನ್ನು ತಾವೇ ಕಟ್ಟಿ ನುಡಿದರು: “ನೂ ರವೆನೋಂ.”

“ಇಲ್ಲೂ ರವೆ ಸಿಗ್ತದೇನ್ರಿ?” ಎಂದರು ಆಂಟಿ, ನಿಜವಾದ ಆಸಕ್ತಿಯಿಂದ.

ಮದಾಮಳ ಹುಬ್ಬು ಏರಿತು. ಆಕೆ ಏನೋ ಕೇಳಿದಳು. ಹೊಸ್ತಿಲಲ್ಲಿ ಮನೆಯೊಡತಿ ಏನು ಕೇಳಿದರೂ, ಅದು ಕೇಳಿಸದಿದ್ದರೂ, ‘ಹೂಂ, ಖಂಡಿತ’ ಎನ್ನುವುದು ನಮ್ಮ ಮೈಸೂರಿನ ಮರ್ಯಾದೆ. ಅಂಕಲ್ ಕೈಮುಗಿದು “ವೀ, ವೀ” ಅಂದರು. ಹೌದು, ಹೌದು ಎಂದರ್ಥ. ನಾವು ಗುಡ್ಡವಿಳಿದೆವು, ಬ್ರೇಕನ್ನೂ ಮುಟ್ಟದೆ, ಗಾಳಿಯನ್ನು ಕುಡಿಯುತ್ತ, ಪಾರಿವಾಳಗಳಿಗೆಂದೇ ಕಟ್ಟಿದ ಹಳೆಯ ಕಲ್ಲಿನ ಗೋಪುರಗಳನ್ನು ಹಿಂದಿಕ್ಕುತ್ತ. ಜೀವಮಾನದಲ್ಲಿ ನಾನು ತುಳಿಯದೇ ಸವಾರಿ ಮಾಡಿದ ಅತ್ಯಂತ ಸುಂದರವಾದ ರಸ್ತೆಯದು.

ಮಧ್ಯಾಹ್ನ ನದಿಯ ಪಕ್ಕದ ಕೋಟೆಯ ನೆರಳಿನಲ್ಲಿ ಬ್ರೆಡ್ಡಿಗೆ ಆಂಟಿಯ ಶೇಂಗಾ ಚಟ್ನಿಪುಡಿಯನ್ನು ಉದುರಿಸಿಕೊಂಡು ತಿನ್ನುತ್ತಿದ್ದಾಗ ಅಂಕಲ್ಲಿನ ಫೋನು ಗುಣುಗುಟ್ಟಿತು. ಮದಾಮಳ ಸಂದೇಶ. ಫೋನೇ ಅದನ್ನು ಅನುವಾದಿಸಿತು: ಸಂಜೆ ಊಟಕ್ಕೆ ಎಷ್ಟು ಗಂಟೆಗೆ ಬರುತ್ತೀರಿ? ನಿಮ್ಮ ಕೋಣೆಗಳನ್ನು ಕೇಳಿಕೊಂಡು ಬಂದಿದ್ದ ಡಚ್ ದಂಪತಿಯನ್ನು ಹಿಂದಕ್ಕೆ ಕಳಿಸಿದ್ದೇನೆ. ಮಾಂಸವಿಲ್ಲದ ಅಡುಗೆಯನ್ನು ಪಕ್ಕದ ಮನೆಯವಳಿಂದ ಕೇಳಿ ಕಲಿಯುತ್ತಿದ್ದೇನೆ.

ಅಂಕಲ್ಲಿನ ಮುಖದ ಮೇಲಿದ್ದ ಪ್ರಶಾಂತತೆ ಇಳಿದುಹೋಯಿತು. “ಅಯ್ಯೋ, ಬರ್ತೀವಿ ಅಂದಿದ್ದನ್ನ ಆಯಮ್ಮ ನಿಜ ಅಂದ್ಕೊಂಡುಬಿಟ್ಟಿದ್ದಾಳಲ್ಲಯ್ಯಾ!”

“ಮೆಸೇಜ್ ಮಾಡಿ ಅಂಕಲ್, ಸಾರಿ ಅಂತ.”

“ಬಾಗಿಲಿಗೆ ಬಂದೋರನ್ನ ವಾಪಸ್ ಕಳಿಸಿದ್ದಾಳೆ, ಮೆಸೇಜಲ್ಲಿ ಒಲ್ಲೆ ಅನ್ನೋಕಾಗುತ್ತಾ? ಬಾಯಲ್ಲಿ ಹೇಳ್ಬೇಕು ಕಣೋ.”

ಆದರೆ ಅಂಕಲ್ಲಿನ ಬಾಯಿಯಿಂದ ಹೊರಟ ಫ್ರೆಂಚ್, ಫೋನಿನ ಮೂಲಕ ಯಾವ ಫ್ರೆಂಚರಿಗೂ ತಲುಪಿದ ನಿದರ್ಶನವಿರಲಿಲ್ಲ. ಆಂಟಿ ನನ್ನ ಕಡೆ ತಿರುಗಿದರು. “ಎಲ್ಲಾರ್ ಗಂಟಲಾಗೂ ಮಾತಾಡ್ತೀಯಲ್ಲ, ಇದೊಂದು ಮಾತಾಡು ನೋಡೋಣು.” ನನ್ನ ವಿದ್ಯೆಗೆ ಇಷ್ಟು ದಿನಕ್ಕೆ ಒಂದು ಸದುಪಯೋಗ ಒದಗಿತು. ‘ಕ್ಷಮಿಸಿ, ನಾವು ಬರುವುದಿಲ್ಲ’ ಎಂಬ ಒಂದೇ ವಾಕ್ಯವನ್ನು ಅಂಕಲ್ ಹೇಳಿಕೊಟ್ಟರು. ಅರ್ಥವನ್ನು ಅವರಿಗೇ ಬಿಟ್ಟು ನಾನು ನಾದವನ್ನು ಮಾತ್ರ ಹಿಡಿದು ಮದಾಮಳಿಗೆ ಫೋನಾಯಿಸಿದೆ. ಫ್ರೆಂಚಿನಲ್ಲಿ ‘ಇಲ್ಲ’ವೆನ್ನುವುದಕ್ಕೆ ಎರಡು ತುಣುಕುಗಳು: ಕ್ರಿಯಾಪದದ ಮುಂದೊಂದು ‘ನ’, ಹಿಂದೊಂದು ‘ಪಾ’. ಕಾಫಿ ಅಂಗಡಿಗಳಲ್ಲಿ ಕುಳಿತ ಅಸಲಿ ಫ್ರೆಂಚರು ಆ ‘ನ’ವನ್ನು ಲೀಲಾಜಾಲವಾಗಿ ನುಂಗುವುದನ್ನು ನಾನು ಗಮನಿಸಿದ್ದೆ. ಕಲಾವಿದನಾದ್ದರಿಂದ ನಾನೂ ನುಂಗಿದೆ. ‘ಪಾ’ ಬರುವಷ್ಟರಲ್ಲಿ ಮದಾಮ್ ಸಂಭ್ರಮದಿಂದ ನಡುವೆ ಬಾಯಿ ಹಾಕಿದಳು. ಕನ್ನಡದಲ್ಲಿಯೂ ‘ಇಲ್ಲ’ ಬಾಲದಲ್ಲೇ ಇರುವುದು. ಬಾಲ ಕತ್ತರಿಸಿದರೆ ನಕಾರವೆಲ್ಲ ಸಕಾರವೇ. ಆಮೇಲೆ ಆಕೆ ಹರಿಸಿದ ವಾಕ್ಪ್ರವಾಹಕ್ಕೆ ನಾನು ತಡೆಯೊಡ್ಡದೆ, ಕಾಫಿ ಅಂಗಡಿಯ ಫ್ರೆಂಚರ ಧಾಟಿಯಲ್ಲೇ “ಆ ಬೋಂ! ದಾಕೋರ್, ದಾಕೋರ್!” ಎನ್ನುತ್ತ ಹೋದೆ.

“ಏನಂದ್ಲು?” ಅಂದರು ಅಂಕಲ್.

“ತುಂಬಾ ಖುಷಿಯಾದ್ರು ಅಂಕಲ್.”

“ಬರಲ್ಲ ಅಂದಿದ್ದಕ್ಕೆ ಖುಷಿನಾ? ನೀನೇನಂದೆ ಆಮೇಲೆ?”

“ದಾಕೋರ್ ಅಂದೆ.”

ಅಂಕಲ್ ಕಣ್ಣುಮುಚ್ಚಿದರು. ದಾಕೋರ್ ಎಂದರೆ ‘ಒಪ್ಪಿದೆ’ ಎಂದಂತೆ. ಬೆನ್ನಿಗೇ ಇನ್ನೊಂದು ಸಂದೇಶ ಬಂತು: ಏಳೂವರೆಗೆ ಊಟ ಸಿದ್ಧ. ನಿಮ್ಮ ಮಗ ಎಷ್ಟು ಸೊಗಸಾಗಿ ಫ್ರೆಂಚ್ ಮಾತಾಡುತ್ತಾನೆ!

ಗಿರಿಜಾ ಆಂಟಿ ಚಟ್ನಿಪುಡಿಯ ಡಬ್ಬಿಯ ಮುಚ್ಚಳ ತಿರುಗಿಸಿದರು. “ಮುಗೀತಲ್ಲ. ಅಕಿ ಒಲಿ ಹಚ್ಯಾಳ. ಸೈಕಲ್ ಹೊಳ್ಳಸ್ರಿ.” ಅಂಕಲ್ ಫೋನು ತೆಗೆದು ಮುಂದಿನ ಊರಿನ ವಸತಿಯನ್ನು ರದ್ದು ಮಾಡಿದರು.

ಬೆಳಗಿನ ಇಳಿಜಾರೇ ಸಂಜೆಯ ಏರು ಎಂಬ ಸಾರ್ವಕಾಲಿಕ ಸತ್ಯವನ್ನು ತತ್ತ್ವಜ್ಞಾನಿಗಳು ಆರಾಮಕುರ್ಚಿಯಲ್ಲಿ ಕುಳಿತು ಕಂಡುಕೊಳ್ಳುತ್ತಾರೆ. ನಾನು ಎರಡನೆಯ ಗೇರಿನಲ್ಲಿ ಕಂಡುಕೊಂಡೆ. ಬೆಳಿಗ್ಗೆ ಒಂದು ಕ್ಷಣದಲ್ಲಿ ಸರಿದುಹೋಗಿದ್ದ ಪಾರಿವಾಳದ ಗೋಪುರ ಈಗ ಎಷ್ಟು ತುಳಿದರೂ ಕದಲಲೊಲ್ಲದು. ನಡುದಾರಿಯಲ್ಲಿ ಆಂಟಿಯ ಬ್ಯಾಟರಿ ಮುಗಿಯಿತು. ಬ್ಯಾಟರಿ ಸತ್ತ ಸೈಕಲ್ಲಿನ ತೂಕ ಎಮ್ಮೆಕರುವಿನಷ್ಟು. ಅದನ್ನು ತಳ್ಳುವ ಹೊಣೆ, ದಾಕೋರ್ ಅಂದವನದೇ ಆಯಿತು. ಆಂಟಿ ನನ್ನ ಸೈಕಲ್ಲನ್ನೇರಿ, ಅದರಲ್ಲೂ ನನಗಿಂತ ಮುಂದೆ ಹೋದರು. ಅಂಕಲ್ ಒಂದು ಸಲವೂ ಮೂರ್ತಿಯಾಗಲಿಲ್ಲ. ತಲೆ ತಗ್ಗಿಸಿ, ಒಂದೇ ಸಮನೆ ತುಳಿದರು. “ನಿಂತ್ಕೊಳ್ಳಿ ಅಂಕಲ್, ಸ್ವಲ್ಪ” ಎಂದೆ. “ಬರ್ತೀವಿ ಅಂದಿದೀನಲ್ಲಪ್ಪ” ಎಂದರು. ಅಣಕಿಸಲು ಯೋಗ್ಯವಾದ ಧ್ವನಿಯೇ ಅದು, ಆದರೆ ಇದ್ದ ಉಸಿರೆಲ್ಲ ಎಮ್ಮೆಕರುವನ್ನು ತಳ್ಳುವುದಕ್ಕೇ ಹೋಗುತ್ತಿತ್ತು.

ಆ ರಾತ್ರಿಯ ಭೋಜನದ ಬಗ್ಗೆ ಹೆಚ್ಚು ಹೇಳಲಾರೆ. ಬದನೆಕಾಯಿ, ಬೀನ್ಸು, ಅಕ್ರೋಟಿನ ಕಡುಬಿನಂಥ ಸಿಹಿ. ಮದಾಮ್ ಶೇಂಗಾ ಪುಡಿಯನ್ನು ಚೀಸಿನ ಮೇಲೆ ಉದುರಿಸಿ ತಿಂದು ಮೇಜು ಗುದ್ದಿದಳು. ನನ್ನ ಫ್ರೆಂಚಿನಲ್ಲಿ ಆಕೆಗೆ ಅಪಾರ ವಿಶ್ವಾಸ. ನನ್ನೊಬ್ಬನನ್ನೇ ನೋಡುತ್ತ ಏನೇನೋ ಕೇಳಿದಳು. ನಾನು ದಾಕೋರ್ ಎಂದೆ. ಒಳಗೆ ಹೋದವಳು ಬಾತುಕೋಳಿಯ ಇಡಿಯ ಒಂದು ಕಾಲನ್ನು ತಂದು ನನ್ನ ತಟ್ಟೆಯಲ್ಲಿಟ್ಟಳು.

“ಏನೋ ಇದು?” ಅಂದರು ಆಂಟಿ.

“ಒಪ್ಪಂದ ಆಂಟಿ” ಎಂದೆ.

ಅಲ್ಲಿಗೆ ನನ್ನ ಪಾಂಡಿತ್ಯ ಬಯಲಾಯಿತು. ಮದಾಮ್ ಸಿಮೋನ್ ಕಣ್ಣೀರು ಬರುವಂತೆ ನಕ್ಕಳು. ಕಾಲನ್ನು ಹಿಂದಕ್ಕೆ ಒಯ್ದಳು. ಎಷ್ಟು ಆತುರದಿಂದ ಒಯ್ದಳೆಂದರೆ, ನನಗೆ ಕೊಂಚ ಬೇಸರವೇ ಆಯಿತು.

ಮರುದಿನ ಬೆಳಿಗ್ಗೆ ಅಂಕಲ್ ಹೆಲ್ಮೆಟ್ ಕಟ್ಟಿಕೊಂಡು ಮತ್ತೆ ಅದೇ ಹೊಸ್ತಿಲಲ್ಲಿ ನಿಂತರು, ಬಾಯಿ ಮಾತ್ರ ತೆರೆಯಲಿಲ್ಲ. ಬರ್ತೀವಿ ಎಂದರೆ ಆಕೆ ಒಲೆ ಹಚ್ಚುವಳು. ಹೋಗ್ತೀವಿ ಎಂದರೆ ಹೆಂಡತಿ ಒಲೆ ಹಚ್ಚಳು. ‘ಓ ರವ್ವಾರ್’ ಎಂದರೂ ‘ಮತ್ತೆ ನೋಡುವವರೆಗೆ’ ಎಂದೇ ಅರ್ಥವಂತೆ, ಅದೂ ನಮ್ಮ ಮಾತಿನ ದಾಯಾದಿಯೇ ಅಲ್ಲವೇ ಎಂದು ಅಂಕಲ್ ಪಿಸುಗುಟ್ಟಿದರು. ಆಂಟಿ ಒಪ್ಪಲಿಲ್ಲ. “ನೋಡೋದ ಬ್ಯಾರೆ, ಬರೋದ ಬ್ಯಾರೆ. ನೋಡೋದು ಫೋನಿನ್ಯಾಗೂ ನೋಡಬಹುದಲ್ರಿ.”

ಕೊನೆಗೆ ಅಂಕಲ್ ಫೋನಿನಲ್ಲಿ ಎಲ್ಲವನ್ನೂ ಬರೆದು ಆಕೆಯ ಕೈಗಿತ್ತರು: ನಮ್ಮ ಕಡೆ ಹೊರಡುವವರು ‘ಬರುತ್ತೇವೆ’ ಎಂದು ಹೇಳಿ ಹೋಗುತ್ತಾರೆ. ಮದಾಮ್ ಕನ್ನಡಕವನ್ನು ಹಣೆಗೇರಿಸಿ ಓದಿದಳು. ಯೋಚಿಸಿ, ಬೆರಳೊಂದರಿಂದ ಕುಟ್ಟಿ ಮರಳಿಸಿದಳು: ಹಾಗಾದರೆ ನಿಜವಾಗಿ ಬರುವವರು ಏನು ಹೇಳುತ್ತಾರೆ?

ಇದನ್ನು ನಮ್ಮನ್ನು ಯಾರೂ ಕೇಳಿರಲಿಲ್ಲ. ನಮ್ಮ ಕೂಟಗಳ ಪಾರ್ಕಿಂಗ್ ಲಾಟಿನಲ್ಲಿ ‘ಒಂದ್ಸಲ ಮನೆಗೆ ಬನ್ನಿ’ ಎಂದವರಿಗೆ ‘ಖಂಡಿತ’ ಎಂದು ಹೇಳಿ, ಇಂದಿಗೂ ಮೆಟ್ಟಿಲು ಹತ್ತದ ಮನೆಗಳು ನನ್ನ ನೆನಪಿನಲ್ಲಿ ಸಾಲಾಗಿ ನಿಂತವು. ‘ನೋಡೋಣ’ ಎಂದ ಕಡೆಗೆ ಮಾತ್ರ ಒಂದೆರಡು ಸಲ ಹೋಗಿದ್ದೇನೆ. ಮಾತು ಕೊಟ್ಟು ಹೋಗುವುದೂ ಮಾತಿಗಾಗಿ ಬರುವುದೂ ಬೇರೆಬೇರೆ ರಸ್ತೆಗಳೆಂದೂ, ಎರಡನೆಯದು ಯಾವಾಗಲೂ ಏರೆಂದೂ ನನಗೆ ನಿನ್ನೆಯವರೆಗೆ ತಿಳಿದಿರಲಿಲ್ಲ.

“ಹೇಳೋದಿಲ್ಲ ಅಂತ ಬರೀರಿ,” ಎಂದರು ಆಂಟಿ. “ಬಂದ ಬಿಡ್ತಾರ.”

ಅಂಕಲ್ ಬರೆದರು. ಮದಾಮ್ ಓದಿ, ಒಮ್ಮೆ ಅಡುಗೆಮನೆಯತ್ತ ನೋಡಿ, ನಿಂತಲ್ಲೇ ಉದ್ದಕ್ಕೆ ಏನೋ ಬರೆದುಕೊಟ್ಟಳು. ಅಂಕಲ್ ಮನಸ್ಸಿನಲ್ಲೇ ಓದಿಕೊಂಡು ಗಂಟಲು ಸರಿಪಡಿಸಿಕೊಂಡರು.

“ಏನಂತೆ ಅಂಕಲ್?”

“ಯಾವಾಗ ಬೇಕಾದ್ರೂ ಬನ್ನಿ ಅಂತೆ. ಆದರೆ ಫೋನ್ ಮಾಡಿ ಬನ್ನಿ ಅಂತೆ.”

“ಅಷ್ಟೇನಾ? ಇನ್ನೂ ಉದ್ದ ಇತ್ತಲ್ಲ.”

“ಫೋನು ನಿನ್ನ ಕೈಗೆ ಕೊಡಬಾರದಂತೆ.”