ಬ್ಯಾಡ ಅನ್ನಾಕೆ ಒಬ್ರು

ಗಿರಿಜಕ್ಕನ ಸ್ಕೂಟರಿನ ಹಿಂದೆ ಕೂತು ವಾದ ಮಾಡಬಾರದು. ಮಾತು ಬಿಸಿಯಾದರೆ ಬ್ರೇಕ್ ಒತ್ತಿ, ನಡುರಸ್ತೆಯಲ್ಲೇ ಕಾಲೂರಿ, ಪೂರ್ತಿ ಹಿಂದಕ್ಕೆ ತಿರುಗಿಬಿಡುತ್ತಿದ್ದರು. ಸಿಟಿ ಬಸ್ಸು ಹಾರ್ನ್ ಹೊಡೆದುಕೊಳ್ಳುತ್ತಿರಲಿ, ಅವರ ಲೋಕವೇ ಬೇರೆ. "ಈಗ ಹೇಳು. ನಾ ಅಂದಿದ್ದು ಹೆಂಗೆ ತಪ್ಪು?"

ನಮ್ಮ ಪರಿಚಯವೂ ಜಗಳದಿಂದಲೇ ಆದದ್ದು. ದಾವಣಗೆರೆ ವಿದ್ಯಾನಗರದ ನಮ್ಮ ಕಾಲೇಜಿನ ಚರ್ಚಾ ಸ್ಪರ್ಧೆಗೆ ಅತಿಥಿಯಾಗಿ ಬಂದಿದ್ದರು. ಆವರಗೆರೆಯ ಶೆಡ್ಡಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿಸಿ ಊರೂರಿಗೆ ಕಳಿಸುವ ಕಂಪನಿ ಅವರದು. ನನಗೆ ಮೊದಲ ಬಹುಮಾನ ಕೊಟ್ಟವರು, ಕಪ್ಪನ್ನು ಕೈಯಿಂದ ಬಿಡದೆ, "ಗೆದ್ದೆ ಬಿಡು. ಆದ್ರೆ ನೀ ಹೇಳಿದ್ದು ಪೂರಾ ಸುಳ್ಳು" ಎಂದರು. ಅಲ್ಲಿ ಶುರುವಾದ ವಾದ ನನ್ನ ಹಾಸ್ಟೆಲ್ ಗೇಟಿನವರೆಗೂ ನಡೆಯಿತು. ಎದುರುತ್ತರಕ್ಕೆ ಮುಖ ಊದಿಸಿಕೊಳ್ಳದ ಹಿರಿಯರನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ನಾನು ಹೋಗಿಬರತೊಡಗಿದ ಅವರ ಶೆಡ್ಡಿನಲ್ಲೂ ಅದೇ ಕಥೆ. ಕಂಪನಿ ಇನ್ನೂ ಗಿರಿಜಕ್ಕನ ಅಡುಗೆಮನೆಯಲ್ಲಿದ್ದಾಗಿನಿಂದ ರೊಟ್ಟಿ ತಟ್ಟುತ್ತಿದ್ದವರು ಶಾಂತವ್ವ. "ನಾಳೆ ಅಮಾಸಿ, ನಾವ್ಯಾರೂ ಬರಂಗಿಲ್ಲ" ಎಂದರೆ ಗಿರಿಜಕ್ಕ ರೇಗುತ್ತಿದ್ದರು: "ಕಂಪನಿ ನಿಂದೋ ನಂದೋ?"

"ತಟ್ಟೋತನಕ ನಂದು. ಆಮ್ಯಾಲೆ ನಿಂದು."

ಗಿರಿಜಕ್ಕ ಬಿದ್ದು ಬಿದ್ದು ನಗುತ್ತಿದ್ದರು. ರಜೆ ಕೊಡುತ್ತಿದ್ದರು.

ಕಂಪನಿಗೆ ಹಣ ಹಾಕಲು ಹೊರಗಿನವರು ಮುಂದೆ ಬಂದಾಗ, ಮೊದಲು ಒಂದು ಸಲಹಾ ಮಂಡಳಿ ಮಾಡಿಕೊಳ್ಳಿ ಎಂದರಂತೆ. ಮತ್ತೆ ಸ್ಕೂಟರ್ ನಿಂತಿತು. "ಹೂಂ ಅನ್ನೋರು ಮನೆ ತುಂಬ ಅದಾರೆ. ಬ್ಯಾಡ ಅನ್ನಾಕೆ ಒಬ್ರು ಬೇಕು. ನೀ ಬಾ." ನನಗೆ ಹೆಮ್ಮೆಯಾಯಿತು. ಶಾಂತವ್ವನಿಗಂತೂ ನನಗಿಂತ ಹೆಚ್ಚು. "ನೀ ಅಲ್ಲಿದ್ರೆ ನಮಗ್ಯಾಕ ಚಿಂತಿ ಬಿಡವಾ" ಎಂದರು.

ಮೊದಲ ಸಭೆ ಊರಿನ ಒಂದು ಹೋಟೆಲಿನಲ್ಲಿ. ಹೋಗಿ ನೋಡಿದರೆ ಸಭೆಗಿಂತ ಮೊದಲು ಸನ್ಮಾನ. ಆಡಿಟರಿಗೆ, ನಿವೃತ್ತ ಬ್ಯಾಂಕ್ ಮ್ಯಾನೇಜರಿಗೆ, ಗಿರಿಜಕ್ಕನ ಬೀಗರಿಗೆ, ಕೊನೆಗೆ ನನಗೂ ಶಾಲು, ಹಾರ, ಹಣ್ಣಿನ ಬುಟ್ಟಿ. ಸಲಹೆ ಕೊಡುವ ಮೊದಲೇ ಸಲಹೆಗೆ ಸನ್ಮಾನ! ಹಾರ ಬಿದ್ದ ಕತ್ತು ಅಡ್ಡಡ್ಡ ಆಡುವುದು ಕಷ್ಟ ಎಂದು ನನಗೆ ಗೊತ್ತಾದದ್ದು ಅಂದೇ.

ಚರ್ಚೆಗಿದ್ದದ್ದು ಒಂದೇ ವಿಷಯ. ಆವರಗೆರೆಯ ಶೆಡ್ಡು ಮುಚ್ಚಿ ಹರಿಹರದಲ್ಲಿ ರೊಟ್ಟಿ ಮಾಡುವ ಯಂತ್ರ ಹಾಕುವುದು. ಪ್ಯಾಕಿಂಗಿಗೆ ಕೆಲವು ಹುಡುಗಿಯರು ಸಾಕು, ತಟ್ಟುವವರು ಬೇಡ. ನಾನು ಎದ್ದು ನಿಂತೆ. ಜನ ಕೊಳ್ಳುವುದು ಕೈರೊಟ್ಟಿಯ ಹೆಸರಿಗೆ ಎಂದೆ, ಈ ಹೆಂಗಸರನ್ನು ಬಿಟ್ಟರೆ ಆ ಹೆಸರು ಹೇಳುವ ಹಕ್ಕು ನಮಗೆಲ್ಲಿದೆ ಎಂದೆ. ಯಾರೂ ನಡುವೆ ಬಾಯಿ ಹಾಕಲಿಲ್ಲ. ಮುಗಿಸಿದಾಗ ಗಿರಿಜಕ್ಕನೇ, "ಎಂಥಾ ಮಾತು! ಚಪ್ಪಾಳೆ ಹೊಡೀರಿ ಎಲ್ರೂ" ಎಂದರು. ಹೊಡೆದರು. "ಹುಡುಗಿ ಭಾಳ ಮುಂದೆ ಬರ್ತಾಳೆ ನೋಡ್ರಿ" ಎಂದರು ಬೀಗರು. ಆಮೇಲೆ ಶೆಡ್ಡು ಮುಚ್ಚುವುದಕ್ಕೆ ಎಲ್ಲರೂ ಹೂಂ ಎಂದು ಊಟಕ್ಕೆದ್ದರು.

ನಾನು ಕಾಯುತ್ತಿದ್ದೆ. ಈಗ ತಿರುಗುತ್ತಾರೆ, ಈಗ "ನಾ ಅಂದಿದ್ದು ಹೆಂಗೆ ತಪ್ಪು?" ಎನ್ನುತ್ತಾರೆ. ತಿರುಗಲಿಲ್ಲ. ಬಸ್ಸು ನಿಲ್ಲಿಸಿ ಜಗಳವಾಡುತ್ತಿದ್ದ ಹೆಂಗಸು ನನ್ನ ಒಂದು ಮಾತನ್ನೂ ಅಲ್ಲಗಳೆಯಲಿಲ್ಲ. ತೀರ್ಮಾನ ಎಂದೋ ಆಗಿತ್ತು.

ಮರುದಿನ ಶೆಡ್ಡಿನಲ್ಲಿ ಶಾಂತವ್ವ ಗಿರಿಜಕ್ಕನನ್ನು ತಡೆದು ನಿಲ್ಲಿಸಿ, ಶೆಡ್ಡು ಯಾಕೆ ಮುಚ್ಚುತ್ತೀ ಎಂದು ಕೇಳಿದರು. ಗಿರಿಜಕ್ಕ ನನ್ನತ್ತ ಕೈ ತೋರಿಸಿದರು. "ನಾ ಒಬ್ಬಾಕಿ ಮಾಡಿದ್ದಲ್ಲವಾ, ಮಂಡಳಿ ಮಾಡೈತೆ. ಬ್ಯಾಡ ಅನ್ನೋರ ಮಾತೂ ಕೇಳೀವಿ. ಈಕಿನೂ ಇದ್ಲು, ಕೇಳು ಬೇಕಾದ್ರೆ."

"ನೀನೂ ಇದ್ಯಾ?" ಎಂದರು ಶಾಂತವ್ವ.

"ಇದ್ದೆ. ಬ್ಯಾಡ ಅಂದೆ."

"ಆಮ್ಯಾಲೆ ಏನಾತು?"

ಚಪ್ಪಾಳೆ ಹೊಡೆದರು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಶಾಂತವ್ವ ಈಗ ಮನೆಮನೆಗೆ ಹೋಗಿ ರೊಟ್ಟಿ ತಟ್ಟಿಕೊಡುತ್ತಾರೆ. ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಾರೆ.

ಗಿರಿಜಕ್ಕನನ್ನು ಕೊನೆಯ ಸಲ ಕಂಡದ್ದು ಹರಿಹರದ ಹೊಸ ಕಟ್ಟಡದಲ್ಲಿ. ಬಾಗಿಲೆದುರಿನ ಗೋಡೆಯಲ್ಲಿ ಮಂಡಳಿಯ ಫೋಟೋ: ಎಲ್ಲರೂ ಶಾಲು ಹೊದ್ದು ಕೂತಿದ್ದಾರೆ, ನಾನೊಬ್ಬಳು ಕೈಯೆತ್ತಿ ನಿಂತು ಮಾತಾಡುತ್ತಿದ್ದೇನೆ. ಗೊತ್ತಿಲ್ಲದವರು ನೋಡಿದರೆ ಯಂತ್ರದ ಯೋಜನೆ ವಿವರಿಸುತ್ತಿದ್ದೇನೆ ಅಂದುಕೊಳ್ಳಬೇಕು.

"ಮುಂದಿನ ಸಭೆಗೆ ಬರ್ತೀಯಲ್ಲ? ನೀ ಬೈದ್ರೇನೇ ಮಂಡಳಿಗೊಂದು ಕಳೆ."

"ಬ್ಯಾಡಕ್ಕಾ."

ಯಾಕ ಎಂದು ಕೇಳಲಿ, ರೇಗಲಿ ಎಂದು ನಿಂತೇ ಇದ್ದೆ. "ಆತು ಬಿಡವಾ" ಎಂದು ಕಾರು ಹತ್ತಿದರು. ಈಗ ಡ್ರೈವರ್ ಇದ್ದಾನೆ, ನಡುರಸ್ತೆಯಲ್ಲಿ ನಿಲ್ಲಿಸುವುದಿಲ್ಲ.

ನನ್ನ ಕುರ್ಚಿಗೆ ಬೇರೆ ಹುಡುಗ ಬಂದಿದ್ದಾನಂತೆ. ನಮ್ಮ ಕಾಲೇಜಿನವನೇ, ಡಿಬೇಟಿನಲ್ಲಿ ಕಪ್ಪು ಗೆದ್ದವನು. ಭಾಳ ಚಂದ ಮಾತಾಡುತ್ತಾನಂತೆ.