ನೆಂಟರ ಕೈಯಲ್ಲಿ ಬಂದ ರೊಟ್ಟಿ

ಚೆಂಬೂರಿನ ನಮ್ಮ ಮನೆಯಿಂದ ಅತ್ತಿಗೆ ಖಡಕ್ ರೊಟ್ಟಿಯ ವ್ಯಾಪಾರ ಶುರುಮಾಡಿದಾಗ, ನಿಜಕ್ಕೂ ಅದನ್ನು ನಡೆಸುತ್ತಿದ್ದವರು ನಮ್ಮ ನೆಂಟರು. ವಿಜಯಪುರದಲ್ಲಿ ಅತ್ತಿಗೆಯ ಅಕ್ಕ ರೊಟ್ಟಿ ಬಡಿದು ಒಣಗಿಸಿ, ಶೇಂಗಾ ಚಟ್ನಿಯ ಜೊತೆ ಡಬ್ಬಿಗೆ ತುಂಬುತ್ತಿದ್ದರು. ಮುಂಬೈಗೆ ಹೊರಟ ನೆಂಟರು ಅದನ್ನು ಹೊತ್ತು ತರಬೇಕು. ಪವಾಯಿಯ ಒಂದು ಆಫೀಸಿನ ಕ್ಯಾಂಟೀನಿಗೆ ಅತ್ತಿಗೆ ಮುಟ್ಟಿಸಬೇಕು.

ಮದುವೆ ಸೀಸನ್ನಿನಲ್ಲಿ ವ್ಯಾಪಾರ ಜೋರು. ಮಕ್ಕಳ ಪರೀಕ್ಷೆ ಬಂತೆಂದರೆ ಊರಿನಿಂದ ಯಾರೂ ಕದಲುತ್ತಿರಲಿಲ್ಲ, ಕ್ಯಾಂಟೀನಿನವರು ಗೊಣಗುತ್ತಿದ್ದರು. ಹಾಗಾಗಿ ಅತ್ತಿಗೆ ದಿನಾ ಯಾರಿಗಾದರೂ ಫೋನ್ ಮಾಡಿ, ಮೊಣಕಾಲು ನೋವು ಹೇಗಿದೆ, ಇಲ್ಲಿ ಒಳ್ಳೆ ಡಾಕ್ಟರಿದ್ದಾರೆ, ಬಂದು ತೋರಿಸಿಕೊಂಡು ಹೋಗಿ ಎನ್ನುತ್ತಿದ್ದರು. ಬಲು ಕಾಳಜಿಯ ಹೆಣ್ಣುಮಗಳು ಎಂದು ಊರಲ್ಲಿ ಹೆಸರಾಯಿತು.

ಒಮ್ಮೆ ಆ ಆಫೀಸಿನಲ್ಲಿ ಸಮಾರಂಭವಿತ್ತು. ಕ್ಯಾಂಟೀನ್ ಮ್ಯಾನೇಜರ್ ಎಂದಿಗಿಂತ ಹೆಚ್ಚು ರೊಟ್ಟಿ ಕೇಳಿದರು. ಅತ್ತಿಗೆಯ ಸೋದರಮಾವ ಎರಡು ದೊಡ್ಡ ಡಬ್ಬಿ ಹಿಡಿದು ರೈಲು ಹತ್ತಿದರು. ನಾನೂ ಅತ್ತಿಗೆಯೂ ದಾದರ್ ಸ್ಟೇಷನ್ನಿನಲ್ಲಿ ಕಾದೆವು. ಗಾಡಿ ತೀರಾ ತಡವಾಗಿ ಬಂತು. ಮಾಮಾ ಆ ಡಬ್ಬಿಗಳನ್ನು ಆರಾಮಾಗಿ ತೂಗಾಡಿಸುತ್ತ ಇಳಿದಾಗಲೇ ನಾನು ಅತ್ತಿಗೆಯ ಮುಖ ನೋಡಿದೆ.

"ಗಾಡಿ ಅಡವ್ಯಾಗ ನಿಂತಿತ್ತವ್ವ. ಸಣ್ಣ ಹುಡುಗ್ರು ಹಸಿವಿಗೆ ಅಳಾಕತ್ತಿದ್ವು. ನಾ ಡಬ್ಬಿ ಕಾಯ್ಕೊಂಡು ಕುಂದರ್ಲೇನ?" ಎಂದರು.

ಅತ್ತಿಗೆ ಮೆಲ್ಲಗೆ ಕೇಳಿದರು: "ಚಟ್ನಿನೂ ಕೊಟ್ರೇನ ಮಾಮಾ?"

"ಬರೇ ರೊಟ್ಟಿ ಹ್ಯಾಂಗ ತಿಂತಾರ?"

ಅತ್ತಿಗೆ ಬೆಂಚಿನ ಮೇಲೆ ಕುಸಿದು ಸೆರಗು ಬಾಯಿಗೊತ್ತಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ, ನಗುತ್ತಿದ್ದರು. ಆಮೇಲೆ, ಮ್ಯಾನೇಜರಿಗೆ ನೀವೇ ಬಂದು ಹೇಳಬೇಕು ಎಂದು ಮಾಮಾನನ್ನು ನೆಟ್ಟಗೆ ಪವಾಯಿಗೆ ಕರೆದೊಯ್ದರು. ಮಾಮಾ ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ರೈಲಿನ ಕಥೆ ಹೇಳಿದರು. ಮ್ಯಾನೇಜರ್ ಅವರಿಗೆ ಊಟ ಹಾಕಿಸಿದರು, ಸಮಾರಂಭಕ್ಕೆ ಚಪಾತಿ ಮಾಡಿಸಿದರು. ಆದರೆ ಅತ್ತಿಗೆಯನ್ನು ಪಕ್ಕಕ್ಕೆ ಕರೆದು, ರುಚಿಯ ಬಗ್ಗೆ ದೂರಿಲ್ಲ, ಹೇಳಿದ ದಿನಕ್ಕೆ ಬರದಿದ್ದರೆ ಮಾತ್ರ ಇದೇ ಕೊನೆ ಎಂದರು.

ಅದೇ ವಾರ ಅತ್ತಿಗೆ ಬಸ್ಸಿನ ಪಾರ್ಸೆಲ್ ಗೊತ್ತುಮಾಡಿದರು. ನೆಂಟರಿಗಿಂತ ಬಸ್ಸು ಹೆಚ್ಚಾಯಿತೇ ಎಂದು ಮಾಮಾ ಕೆಲವು ದಿನ ಮುನಿಸಿಕೊಂಡಿದ್ದರು. ರೊಟ್ಟಿ ತಪ್ಪದೆ ಬರತೊಡಗಿದ ಮೇಲೆ ಪಕ್ಕದ ಎರಡು ಆಫೀಸಿನವರೂ ಕೇಳಿದರು. ಬಸ್ಸಿನ ಕುಲುಕಾಟಕ್ಕೆ ಒಂದಿಷ್ಟು ಮುರಿಯುತ್ತವೆ. ಆ ಚೂರುಗಳಿಗೆ ನಾವು ಮೊಸರು, ಹಸಿ ಉಳ್ಳಾಗಡ್ಡಿ ಕಲಸಿಕೊಂಡು ತಿನ್ನುತ್ತೇವೆ.