ಹೆಂಡತಿಯ ಎದೆನೋವಿಗೆ ಗಂಡನ ಉತ್ತರ

ಅಜ್ಜಾವರದ ಕುಕ್ಕಪ್ಪನ ಗಂಟಲು ಊರಿಗೇ ಗೊತ್ತು. ತೋಟದ ಕೆಳಗಿನಿಂದ ಅವನು ಹೆಂಡತಿಯನ್ನು ಕೂಗಿದರೆ ಆಚೆ ಮನೆಯ ನಾಯಿ ಎದ್ದು ಕೂರುತ್ತಿತ್ತು. ಕೆಟ್ಟವನಲ್ಲ. ನೆರೆಕರೆಯ ಕಷ್ಟಕ್ಕೆ ಮೊದಲು ಓಡುವವನು ಅವನೇ. ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ಯಾರನ್ನು ಏನು ಕೇಳಿದರೂ ಉತ್ತರ ಅವನದ್ದು.

ಅರವತ್ತು ಕೂಡ ತುಂಬದವರಿಗೆ ಹೃದಯಾಘಾತ ಯಾಕೆ ಆಗುತ್ತದೆ ಎಂದು ಸಂಶೋಧನೆ ಮಾಡುವವರು ಆ ವರ್ಷ ಸುಳ್ಯದ ಹಳ್ಳಿಗಳಲ್ಲಿ ಮನೆ ಮನೆಗೆ ಬಂದರು. ಕುಕ್ಕಪ್ಪನ ಜಗಲಿಗೆ ಬಂದದ್ದು ಪ್ರೀತಿಕಾ ಎಂಬ ಚಿಕ್ಕ ಪ್ರಾಯದ ಡಾಕ್ಟರು. ಏರು ಹತ್ತುವಾಗ ಎದೆ ಹಿಡಿಯುತ್ತದಾ, ನಿಂತರೆ ಬಿಡುತ್ತದಾ, ಎಲೆಯಡಿಕೆಗೆ ಹೊಗೆಸೊಪ್ಪು ಹಾಕುವುದುಂಟಾ, ಹೀಗೆ ಪ್ರಶ್ನೆ ಮುಗಿಯುವುದೇ ಇಲ್ಲ. ನೋವು ಉಂಟು ಎಂದವರನ್ನು ಮುಂದಿನ ಪರೀಕ್ಷೆಗೆ ಕರೆಯುವುದು ಅವರ ಕ್ರಮ. ತನ್ನದು ಹೇಳಿ ಮುಗಿಸಿದ ಕುಕ್ಕಪ್ಪ, ಹೆಂಡತಿ ಕಮಲಾವತಿಯ ಸರದಿ ಬಂದಾಗಲೂ ತಾನೇ ಬಾಯಿ ಹಾಕಿದ. ಜಗಲಿಗೆ ಬಂದವರ ಹತ್ತಿರ ಯಜಮಾನ ಮಾತಾಡುವುದು, ಹೆಂಗಸರು ಒಳಬಾಗಿಲಲ್ಲಿ ನಿಲ್ಲುವುದು. ಆ ಮನೆಯಲ್ಲಿ ಅಪ್ಪನ ಕಾಲದಿಂದ ನಡೆದು ಬಂದದ್ದು ಹಾಗೆ.

“ಅವಳಿಗೆ ಎಂತ ಆಗುದು ಮಾರಾಯ್ರೆ? ಗುಡ್ಡೆಯಿಂದ ಸೊಪ್ಪಿನ ಕಟ್ಟ ಹೊತ್ತು ತರ್ತಾಳೆ. ಅವಳನ್ನು ನೋಡಿ ನಿಮ್ಮ ಮಿಷನ್ನೇ ಹೆದರ್ಬೇಕು.”

ಡಾಕ್ಟರು ನಕ್ಕು, ಅಕ್ಕನೇ ಹೇಳಲಿ ಎಂದರು. ಕಮಲಾವತಿ ಗಂಡನ ಮುಖ ನೋಡಿ, ಏನೂ ಇಲ್ಲ ಎಂದು ತಲೆಯಾಡಿಸಿದಳು. ತೊಂದರೆ ಇಲ್ಲದವರ ಸಾಲಿಗೆ ಸೇರಿಹೋದಳು.

ಮಳೆ ಬಿಟ್ಟು ಚಳಿ ಹಿಡಿಯುವ ಹೊತ್ತಿಗೆ ಒಂದು ಬೆಳಿಗ್ಗೆ ದನದ ಹಟ್ಟಿಯಲ್ಲಿ ಹಾಲಿನ ಪಾತ್ರೆ ಮಗುಚಿದ ಸದ್ದು. ಕುಕ್ಕಪ್ಪ ಬೈಯುತ್ತಲೇ ಹೋದ. ಹೋಗಿ ನೋಡಿದರೆ ಅವಳು ಗೋಡೆಗೆ ಒರಗಿ ಕೂತಿದ್ದಾಳೆ, ಮೈಯೆಲ್ಲ ಬೆವರು, ಕೈ ದವಡೆಯ ಮೇಲೆ. ಗ್ಯಾಸ್ ಇರಬೇಕು ಎಂದು ಜೀರಿಗೆ ಕಷಾಯ ಕುಡಿಸಿದ. ಅದು ವಾಂತಿಯಾದ ಮೇಲೆಯೇ ಜೀಪಿಗೆ ಫೋನು ಮಾಡಿದ್ದು. ಸುಳ್ಯ, ಅಲ್ಲಿಂದ ಮಂಗಳೂರು. ಒಂದು ರಕ್ತನಾಳ ಪೂರ್ತಿ ಕಟ್ಟಿತ್ತು, ಸ್ಟೆಂಟ್ ಹಾಕಿದರು. ಇನ್ನೊಂದೂ ಸ್ವಲ್ಪ ಸಪೂರವಾಗಿದೆ, ಮತ್ತೆ ನೋವು ಬಂದರೆ ಅಡಗಿಸಬಾರದು ಎಂದರು. ಮೊದಲು ಏನಾದರೂ ಸೂಚನೆ ಇತ್ತಾ ಎಂದು ಕುಕ್ಕಪ್ಪನನ್ನು ಕೇಳಿದರು. ಇಷ್ಟು ವರ್ಷ ಒಟ್ಟಿಗೆ ಉಂಡವನಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಜಗಲಿಯಲ್ಲಿ ಅಷ್ಟು ಗಟ್ಟಿ ಹೇಳಿದ್ದ.

ಮನೆಗೆ ಬಂದ ಮೇಲೆ ಹಟ್ಟಿಯ ಕೆಲಸ, ಸೊಪ್ಪು ಎಲ್ಲ ಅವನೇ ಮಾಡಿದ. ಹಾಲಿನ ಡೈರಿಯಲ್ಲಿ ಯಾರೋ, ನೀನು ಗಟ್ಟಿಗ, ಹೆಂಡತಿಯನ್ನು ಉಳಿಸಿಕೊಂಡೆ ಎಂದು ಹೊಗಳಿದಾಗ ಹಾಲಿನ ಕ್ಯಾನು ಅಲ್ಲೇ ಕುಕ್ಕಿ ಬಂದುಬಿಟ್ಟ.

ಸಂಶೋಧನೆಯವರಿಗೆ ವಿಷಯ ತಿಳಿದು ಪ್ರೀತಿಕಾ ಮತ್ತೆ ಬಂದರು. ಕುಕ್ಕಪ್ಪ ಹೆಂಡತಿಗೆ ಜಗಲಿಯಲ್ಲಿ ಕುರ್ಚಿ ಹಾಕಿ, ತಾನು ಮೆಟ್ಟಿಲಲ್ಲಿ ಕೂತ. ಡಾಕ್ಟರು ಹಿಂದಿನದನ್ನು ಕೇಳಿದರು. ಕಮಲಾವತಿ ನಿಧಾನಕ್ಕೆ ಬಿಚ್ಚಿದಳು. ಡಾಕ್ಟರು ಮೊದಲ ಸಲ ಬರುವುದಕ್ಕೂ ಎಷ್ಟೋ ಮುಂಚಿನಿಂದ ನೋವು ಇತ್ತಂತೆ. ಎದೆಯಲ್ಲಲ್ಲ, ದವಡೆಯಲ್ಲಿ, ಬೆನ್ನಲ್ಲಿ. ಸೊಪ್ಪು ಹೊತ್ತು ಬರುವಾಗ ಗೇರು ಮರದ ಬುಡದಲ್ಲಿ ಕೂತರೆ ಬಿಡುತ್ತಿತ್ತಂತೆ. ಹೆಂಗಸರಿಗೆ ಹೀಗೆಯೂ ಬರುವುದುಂಟು ಎಂದರು ಡಾಕ್ಟರು. ಸೊಪ್ಪು ತರಲು ತಡವಾಯಿತು, ದಾರಿಯಲ್ಲಿ ಯಾರ ಹತ್ತಿರ ಪಟ್ಟಾಂಗ ಎಂದು ತಾನು ಕೂಗಾಡಿದ್ದು ಕುಕ್ಕಪ್ಪನ ಕಿವಿಯಲ್ಲಿ ಹಾಗೇ ಕೇಳಿತು. ಅವನು ಅಂಗಳ ನೋಡುತ್ತ ಕೂತ.

“ಈಗ ಬರುದುಂಟಾ ಅಕ್ಕ?”

“ಇಲ್ಲ,” ಎಂದಳು ಕಮಲಾವತಿ.

ಸುಳ್ಳು. ಬೆಳಿಗ್ಗೆಯಷ್ಟೇ ಅವಳು ಒಗೆಯುವ ಕಲ್ಲು ಹಿಡಿದು ನಿಂತದ್ದನ್ನು ಕುಕ್ಕಪ್ಪ ನೋಡಿದ್ದ. ಹೇಳಲು ನಾಲಗೆ ತುದಿಗೆ ಬಂತು. ಅವಳ ಪರವಾಗಿ ಒಮ್ಮೆ ಹೇಳಿ ಆದ ಅನಾಹುತ ಸಾಲದೇ? ಹೇಳದೆ ಇದ್ದು ಇನ್ನೊಂದು ನಾಳವೂ ಕಟ್ಟಿದರೆ? ಒದ್ದಾಡಿಬಿಟ್ಟ.

“ಕಮಲಾ,” ಎಂದ ಕಡೆಗೆ, “ಒಗೆಯುವಲ್ಲಿ ಎಂತ ಆಯ್ತು? ನೀನೇ ಹೇಳು. ನಾನು ಬೈಯುದಿಲ್ಲ.”

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು.

“ಬರ್ತದೆ. ಬಟ್ಟೆ ಒಗೆದು ಅಲ್ಲ. ಇವರು ಜೋರು ಮಾಡುವಾಗ ಬರುದು. ಬೆಳಿಗ್ಗೆ ಕರುವಿಗೆ ಬೈತಿದ್ರು.”

ಡಾಕ್ಟರ ಬೆರಳು ಟ್ಯಾಬಿನ ಮೇಲೆ ನಿಂತಿತು. ಕುಕ್ಕಪ್ಪನ ಮುಖಕ್ಕೆ ರಕ್ತ ನುಗ್ಗಿತು. ಹಳೆಯ ಸಿಟ್ಟೇ, ಆದರೆ ತಿರುಗಿ ಹಾರಲು ಅದಕ್ಕೆ ಯಾರೂ ಸಿಗಲಿಲ್ಲ. ಮೆಟ್ಟಿಲ ಕಲ್ಲನ್ನು ಹಿಡಿದು ಕೂತ.

ನೋವು ಎಷ್ಟು ಸಲ ಬರುತ್ತದೆ ಎಂದು ಪ್ರೀತಿಕಾ ಮೆಲ್ಲಗೆ ಕೇಳಿದರು. ಕಮಲಾವತಿ ಗಂಡನ ಕಡೆ ನೋಡಿದಳು.

“ದಿನಾ ಇರ್ಬಹುದು,” ಎಂದ ಕುಕ್ಕಪ್ಪ. “ನಾನು ಜೋರು ಮಾಡುದು ದಿನಾ.”

ಡಾಕ್ಟರಿಗೆ ಕೇಳಿಸಲಿಲ್ಲ, ಎಂತ ಹೇಳಿದ್ರಿ ಎಂದರು. ಅವನು ಇನ್ನೊಮ್ಮೆ ಹೇಳಬೇಕಾಯಿತು.